ಸಣ್ಣ ಕತೆಯ ಅಂಗಗಳೂ ಅವುಗಳ ಬೋಧನೆಯೂ: ಮಿರ್ಜಾನದ ಒಂದು ನಿದರ್ಶನ

ಸಣ್ಣ ಕತೆಯ ಬರವಣಿಗೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗ ವಸ್ತು, ಪಾತ್ರ, ಸನ್ನಿವೇಶ, ಸಂವಾದ ಎಂದು ಅಂಗಗಳನ್ನು ಮೊದಲು ಎಣಿಸಿ, ಅವುಗಳ ಲಕ್ಷಣಗಳನ್ನು ಬರೆಯಿಸಿ, ಆಮೇಲೆ ಕತೆಯನ್ನು ಬರೆಯಹೇಳುವುದು ರೂಢಿಯಾಗಿದೆ. ಈ ಕ್ರಮವು ಯುಕ್ತವೋ ಅಲ್ಲವೋ ಎಂಬುದನ್ನು ಲಕ್ಷಣಗಳಿಂದಲ್ಲ, ಕನ್ನಡದಲ್ಲಿ ಸಣ್ಣ ಕತೆಯು ಬೆಳೆದುಬಂದ ಬಗೆಯಿಂದ ನಿರ್ಣಯಿಸಬೇಕು.

ಕತೆಯು ನಮಗೆ ಹೊಸದಲ್ಲ. ವಡ್ಡಾರಾಧನೆಯಲ್ಲಿ 19 ಕತೆಗಳಿವೆ. ದುರ್ಗಸಿಂಹನ ಪಂಚತಂತ್ರವು 1031ರದೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಅಲ್ಲಿ ಕತೆಯ ಪ್ರಯೋಜನವು ಮೊದಲೇ ಗೊತ್ತಾಗಿರುತ್ತದೆ; ಒಂದರಲ್ಲಿ ಧರ್ಮ, ಇನ್ನೊಂದರಲ್ಲಿ ನೀತಿ. ಹೊಸಗಾಲದ ಸಣ್ಣ ಕತೆಯು ಈ ಆಸರೆಯನ್ನು ಬಿಟ್ಟಿತು. ಹಾಗೆ ಬಿಟ್ಟಮೇಲೆ ಕತೆಯನ್ನು ಒಂದಾಗಿ ಹಿಡಿದಿಡುವುದು ಯಾವುದು? ಅಮೆರಿಕದ ಎಡ್ಗರ್ ಆಲನ್ ಪೋ 1842ರಲ್ಲಿ ಹಾಥಾರ್ನನ ಕತೆಗಳನ್ನು ವಿಮರ್ಶಿಸುತ್ತ, ಓದುಗನ ಮನಸ್ಸಿನಲ್ಲಿ ಮೂಡುವ ಏಕಪರಿಣಾಮವೇ ಅದೆಂದನು. ನಮ್ಮ ಮೊದಲ ಕತೆಗಾರರು ಅದನ್ನು ಹೇಳುವವನ ದನಿಯಲ್ಲಿ ಕಂಡರು.

ಪಂಜೆ ಮಂಗೇಶರಾಯರು (1874–1937) 1900ರ ಸುಮಾರಿನಲ್ಲಿ ಮಂಗಳೂರಿನ ‘ಸುವಾಸಿನಿ’ಯಲ್ಲಿ ಕತೆಗಳನ್ನು ಬರೆದರು. ಅವರು ಅಧ್ಯಾಪಕರು, ಶಾಲೆಗಳ ಇನ್ಸ್‌ಪೆಕ್ಟರರೂ ಆಗಿದ್ದವರು. ಮಕ್ಕಳ ಕಿವಿಗೆ ಹಿಡಿಸುವ ಮಾತು ಯಾವುದೆಂಬುದನ್ನು ಬಲ್ಲವರು. 1910ರಲ್ಲಿ ಬಂದ ಮಾಸ್ತಿಯವರ ‘ರಂಗನ ಮದುವೆ’ಯಲ್ಲಿ ಹೊಸಹಳ್ಳಿಯವನೊಬ್ಬನು ಊರನ್ನು ಹೊಗಳುತ್ತ ಹೊಗಳುತ್ತಲೇ ಕತೆಗೆ ಬರುತ್ತಾನೆ. ಆ ಮಾತುಗಾರನನ್ನು ತೆಗೆದರೆ ಉಳಿಯುವುದು ಒಂದು ಮದುವೆಯ ವರ್ತಮಾನ ಮಾತ್ರ. ಆದಕಾರಣ ಕಲಿಸತಕ್ಕ ಮೊದಲನೆಯ ಅಂಗವು ‘ಯಾರು ಹೇಳುತ್ತಿದ್ದಾರೆ’ ಎಂಬುದು.

ಎರಡನೆಯದು ಆಯ್ಕೆ. ಇದಕ್ಕೆ ಕುಮಟಾ ತಾಲೂಕಿನ ಮಿರ್ಜಾನವನ್ನು ನಿದರ್ಶನವಾಗಿ ಕೊಡಬಹುದು. ಅಲ್ಲಿಯ ಕೋಟೆಯ ಮೇಲೆ ಕತೆ ಬರೆಯಿರೆಂದರೆ ವಿದ್ಯಾರ್ಥಿಯು ಗೇರುಸೊಪ್ಪೆಯ ಚೆನ್ನಭೈರಾದೇವಿಯಿಂದ ಆರಂಭಿಸುವುದು ಸಹಜ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದುದು, ಅಘನಾಶಿನಿಯ ಬಾಯಿಂದ ಮೆಣಸು ಹಡಗುಗಳಿಗೆ ಏರಿದುದು, ಅಗೆತದಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತುದು, ಎಲ್ಲವೂ ಬರುತ್ತವೆ. ಇದು ಚರಿತ್ರೆ, ಇದರಲ್ಲಿ ಏನನ್ನೂ ಬಿಡಲಾಗದು. ಕತೆಯಾದರೋ ಬಿಡುವುದರಿಂದಲೇ ಹುಟ್ಟುತ್ತದೆ. ಆ ಪಿಂಗಾಣಿಯ ಬಟ್ಟಲೊಂದು ಯಾರ ಕೈಯಿಂದ ಜಾರಿತು, ಒಡೆದುದನ್ನು ಅವಳು ಯಾರಿಂದ ಮರೆಮಾಡಿದಳು ಎಂದು ಕೇಳಿದ ಕೂಡಲೇ ಪಾತ್ರವೂ ಸನ್ನಿವೇಶವೂ ತಾವಾಗಿ ಒದಗುತ್ತವೆ. ರಾಣಿಯು ಹಿಂದಕ್ಕೆ ಸರಿಯುತ್ತಾಳೆ. ತದಡಿಯಲ್ಲಿ ತಾರಿಯ ದೋಣಿ ತಪ್ಪಿದವನೊಬ್ಬನ ಒಂದು ಸಂಜೆಯೂ ಇದೇ ಅಭ್ಯಾಸಕ್ಕೆ ಸಾಲುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಇದೇ ಸೀಮೆಯ ಸಾಕ್ಷ್ಯವಿದೆ. ಗೋಕರ್ಣದ ಸಮೀಪದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳಿದರೂ ತಮ್ಮ ಕತೆಗಳಲ್ಲಿ ಆ ಹಳ್ಳಿಗೆ ಮರಳಿ ಮರಳಿ ಬಂದರು. ಅವರ ಮೊದಮೊದಲ ಕತೆಗಳಲ್ಲೊಂದರ ಹೆಸರು ‘ಬೊಮ್ಮಿಯ ಹುಲ್ಲುಹೊರೆ’. ಒಂದು ಜೀವ, ಒಂದು ಹೊರೆ. ಕೋಟೆಯೂ ಇಲ್ಲ, ರಾಣಿಯೂ ಇಲ್ಲ. 1983ರಲ್ಲಿ ಅವರ ‘ಕತೆಯಾದಳು ಹುಡುಗಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು.

ಲಕ್ಷಣಗಳು ಅನಾವಶ್ಯಕವೆಂದು ನಮ್ಮ ಅಭಿಪ್ರಾಯವಲ್ಲ. ಅವು ಬರೆದುದನ್ನು ತಿದ್ದಲು ಬೇಕು, ಬರೆಯಿಸಲು ಸಾಲವು. ಅವನ್ನೇ ಮುಂದಿಟ್ಟರೆ, ಹೊಳೆಯಂಚಿನ ಹುಡುಗನು ತನ್ನ ಮನೆಯ ಮಾತು ಕತೆಗೆ ತಕ್ಕುದಲ್ಲವೆಂದು ಬಗೆದು ಪಠ್ಯಪುಸ್ತಕದ ಮಾತನ್ನು ಬರೆದು ಕೊಡುತ್ತಾನೆ; ಅಂಕಗಳು ದೊರೆಯುತ್ತವೆ, ಕತೆಗಾರನು ಕಳೆದುಹೋಗುತ್ತಾನೆ. ಮೊದಲು ದನಿ, ಆಮೇಲೆ ಆಯ್ಕೆ, ಕೊನೆಗೆ ಲಕ್ಷಣ ಎಂಬ ಕ್ರಮವನ್ನು ಅಧ್ಯಾಪಕರು ಪರಿಶೀಲಿಸಬೇಕಾಗಿ ಕೋರುತ್ತೇವೆ.