ಪ್ರೇಕ್ಷಕರೇ ಹಣ ಹೂಡಿದ ‘ಲೂಸಿಯಾ’

ನೆರಿಯ, ಬಂಟ್ವಾಳ, ಮೂಡುಬಿದಿರೆಯ ಕಡೆ ಬೆಳೆದ ವಿದ್ಯಾರ್ಥಿಗಳೇ, ಯಕ್ಷಗಾನದ ಹರಕೆ ಆಟವನ್ನು ನೀವು ನೋಡಿಯೇ ಇರುತ್ತೀರಿ. ಒಂದು ಮನೆಯವರು ಮೇಳಕ್ಕೆ ಮುಂಗಡವಾಗಿ ವೀಳ್ಯ ಕೊಟ್ಟು ಆಟ ಗೊತ್ತುಮಾಡುತ್ತಾರೆ. ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ನೋಡಲು ಬಂದ ಊರವರಿಗೆ ಟಿಕೆಟ್ ಇಲ್ಲ. ಡೇರೆ ಮೇಳದ ಲೆಕ್ಕ ಬೇರೆ. ಅಲ್ಲಿ ಆಟ ಕಟ್ಟುವವರು ಮೊದಲು ಖರ್ಚು ಮಾಡಿ, ಆಮೇಲೆ ಟಿಕೆಟ್ ಹಣದಲ್ಲಿ ಅದನ್ನು ತುಂಬಿಕೊಳ್ಳಬೇಕು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಹರಕೆ ಆಟದಲ್ಲಿ ಯಾವ ಪ್ರಸಂಗ ಆಡಬೇಕು ಎಂಬುದರಲ್ಲಿ ಹಣ ಕೊಟ್ಟವರ ಮಾತು ನಡೆಯುತ್ತದೆ.

ಸಿನಿಮಾದಲ್ಲೂ ಹೀಗೆಯೇ. ಹಣ ಯಾರದೋ ಕಥೆಯ ಮೇಲಿನ ಅಧಿಕಾರವೂ ಬಹುಮಟ್ಟಿಗೆ ಅವರದೇ. ಈ ಗಂಟನ್ನು ಬಿಡಿಸಲು ಹೊರಟ ಒಂದು ಕನ್ನಡ ಚಿತ್ರ ಮತ್ತು ಅದರ ನಿರ್ದೇಶಕರು ಬೆಳೆದ ಬಗೆಯನ್ನು ಇಲ್ಲಿ ನೋಡೋಣ.

ಜನರಿಂದ ಹಣ ಕೂಡಿಸಿ ಚಿತ್ರ ಮಾಡುವುದು ಅಂತರಜಾಲದ ಕಾಲದಲ್ಲಿ ಹುಟ್ಟಿದ ಉಪಾಯವಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ ‘ಮಂಥನ್’ ಮಾಡಿದಾಗ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ಗುಣಿಸಿ ನೋಡಿ, 10 ಲಕ್ಷ ರೂಪಾಯಿ. ನಿಮ್ಮೂರಿನ ಹಾಲಿನ ಸೊಸೈಟಿಯ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವಂಥವರೇ ಆ ಚಿತ್ರದ ನಿರ್ಮಾಪಕರು. ನಾಯಕನ ಪಾತ್ರ ನಮ್ಮ ಗಿರೀಶ ಕಾರ್ನಾಡರದು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ‘ಒಡೆಸ್ಸಾ’ ಬಳಗದವರು ಊರೂರು ತಿರುಗಿ, ಚಾಪ್ಲಿನ್ನನ ‘ದಿ ಕಿಡ್’ ತೋರಿಸಿ, ಜನ ಕೊಟ್ಟ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ತೆರೆಗೆ ತಂದರು. ಆದರೆ ಇವೆರಡೂ ಒಂದು ಚಳವಳಿಯ ಬೆನ್ನಿಗಿದ್ದ ಚಿತ್ರಗಳು. ಒಂದರ ಹಿಂದೆ ಸಹಕಾರ ಸಂಘ, ಇನ್ನೊಂದರ ಹಿಂದೆ ರಾಜಕೀಯ ನಂಬಿಕೆ. ಯಾವ ಚಳವಳಿಯ ಬೆಂಬಲವೂ ಇಲ್ಲದ, ಬರಿಯ ಕುತೂಹಲವನ್ನೇ ನಂಬಿದ ಒಂದು ರೋಚಕ ಚಿತ್ರಕ್ಕೆ ಜನ ಹಣ ಕೊಟ್ಟಾರೆಯೇ?

ಪವನ್ ಕುಮಾರ್ ಅವರ ಮುಂದೆ 2011ರಲ್ಲಿ ಇದ್ದ ಪ್ರಶ್ನೆ ಇದು. ಯೋಗರಾಜ ಭಟ್ಟರ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳ ಬರವಣಿಗೆಯಲ್ಲಿ ಅವರು ಪಳಗಿದ್ದರು. ಸ್ವತಃ ನಿರ್ದೇಶಿಸಿದ ‘ಲೈಫು ಇಷ್ಟೇನೇ’ 2011ರಲ್ಲಿ ಬಂದಿತ್ತು. ಆದರೂ ‘ಲೂಸಿಯಾ’ದ ಕಥೆಗೆ ನಿರ್ಮಾಪಕರು ಸಿಗಲಿಲ್ಲ. ಸಿಗದಿದ್ದುದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲ ಬಿಡಿ. ನಿದ್ದೆ ಬಾರದ ನಾಯಕ, ಬೇಕಾದ ಕನಸನ್ನು ಕರೆತರುವ ಒಂದು ಗುಳಿಗೆ, ಹೆಣೆದುಕೊಂಡ ಎರಡು ಬದುಕು. ಇದನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ಸುಲಭವಲ್ಲ. ತಮ್ಮ ಪಾಡನ್ನು ಅವರು ಅಂತರಜಾಲದ ತಮ್ಮ ಪುಟದಲ್ಲಿ ನೇರವಾಗಿ ಬರೆದು ಓದುಗರ ಮುಂದಿಟ್ಟರು. ಸುಮಾರು 110 ಮಂದಿ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿಸಿದರು. ಚಿತ್ರದ ಒಟ್ಟು ವೆಚ್ಚ ಸುಮಾರು 75 ಲಕ್ಷ.

ಹರಕೆ ಆಟಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ. ಒಬ್ಬನೇ ಯಜಮಾನನಿದ್ದರೆ ಅವನ ಇಷ್ಟ ಒಂದು ತೂಕ. 110 ಮಂದಿಗೆ ಹಂಚಿಹೋದಾಗ ಹಾಡು ಇನ್ನೊಂದು ಇರಲಿ, ಕೊನೆ ಸುಖವಾಗಿರಲಿ ಎಂದು ಪಟ್ಟು ಹಿಡಿಯುವ ಬಲ ಯಾರೊಬ್ಬರ ಕೈಯಲ್ಲೂ ಉಳಿಯುವುದಿಲ್ಲ. ನನ್ನ ಎಣಿಕೆಯಲ್ಲಿ ಪವನ್ ಕುಮಾರ್ ಪಡೆದ ದೊಡ್ಡ ಮೊತ್ತ ಆ 51 ಲಕ್ಷವಲ್ಲ, ಈ ಬಿಡುವು.

ಇನ್ನು ಖರ್ಚಿನ ಮಾತು. ವಿಜ್ಞಾನ ಓದುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. 35 ಮಿಲಿಮೀಟರ್ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿದರೆ ಒಂದು ನಿಮಿಷಕ್ಕೆ 90 ಅಡಿ ಖರ್ಚಾಗುತ್ತದೆ. 1,000 ಅಡಿಯ ಸುರುಳಿ 11 ನಿಮಿಷಕ್ಕೆ ಮುಗಿಯಿತು. ನಟ ಒಂದು ಮಾತು ತಪ್ಪಿದರೆ ಅಷ್ಟು ಫಿಲಂ ವ್ಯರ್ಥ. ಆಮೇಲೆ ಸಂಸ್ಕರಣೆಯ ಖರ್ಚು ಬೇರೆ. ‘ಲೂಸಿಯಾ’ ಚಿತ್ರೀಕರಣಕ್ಕೆ ಬಳಸಿದ್ದು ಕ್ಯಾನನ್ 5ಡಿ, ಮೂಲತಃ ಸ್ಥಿರಚಿತ್ರ ತೆಗೆಯುವ ಕ್ಯಾಮೆರಾ. ಬೆಳಕು ಬೀಳುವ ಅದರ ಸಂವೇದಕದ ಅಳತೆ 36×24 ಮಿ.ಮೀ.; ಸಿನಿಮಾ ಫಿಲಂನ ಚೌಕಟ್ಟಿಗಿಂತಲೂ ದೊಡ್ಡದು. ಆದ್ದರಿಂದ ಮಂದ ಬೆಳಕಿನಲ್ಲೂ ಚಿತ್ರ ಮೂಡುತ್ತದೆ, ಮುಖ ಸ್ಪಷ್ಟವಾಗಿ ಹಿನ್ನೆಲೆ ಮಸುಕಾಗುತ್ತದೆ. ದೋಷವೂ ಇದೆ. ಈ ಬಗೆಯ ಕ್ಯಾಮೆರಾವನ್ನು ಸರಕ್ಕನೆ ತಿರುಗಿಸಿದರೆ ನೆಟ್ಟಗಿನ ಕಂಬ ವಾಲಿದಂತೆ ಕಾಣುತ್ತದೆ, ಏಕೆಂದರೆ ಸಂವೇದಕ ಚಿತ್ರವನ್ನು ಒಮ್ಮೆಲೇ ಅಲ್ಲ, ಸಾಲು ಸಾಲಾಗಿ ಓದುತ್ತದೆ.

ಚಿತ್ರದ ನಾಯಕ ಹಳೆಯ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವನು. ಇನ್ನೊಂದು ಬದುಕಿನಲ್ಲಿ ಅವನೇ ಸಿನಿಮಾ ತಾರೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದ ಸತೀಶ್ ಎರಡೂ ಪಾತ್ರಗಳನ್ನು ನಿರ್ವಹಿಸಿದ್ದಾರೆ. ಶ್ರುತಿ ಹರಿಹರನ್ ನಾಯಕಿ, ಸಂಗೀತ ಪೂರ್ಣಚಂದ್ರ ತೇಜಸ್ವಿ ಅವರದು. 2013ರ ಜುಲೈಯಲ್ಲಿ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ತೋರಿಸಿದಾಗ ಪ್ರೇಕ್ಷಕರ ಮತದ ಪ್ರಶಸ್ತಿ ಬಂತು. ಕರ್ನಾಟಕದಲ್ಲಿ ಬಿಡುಗಡೆಯಾದದ್ದು 2013ರ ಸೆಪ್ಟೆಂಬರ್ 6ರಂದು.

ಆದರೆ ನಿರ್ದೇಶಕರ ಬೆಳವಣಿಗೆ ನನಗೆ ಹೆಚ್ಚು ಕಾಣುವುದು ಮುಂದಿನ ಚಿತ್ರದಲ್ಲಿ. ‘ಲೂಸಿಯಾ’ದಲ್ಲಿ ಜಾಣ್ಮೆ ತುಸು ಹೆಚ್ಚಾಗಿಯೇ ಕಾಣುತ್ತದೆ, ಒಗಟಿನ ಒಳಗೆ ಒಗಟು. 2016ರ ‘ಯೂ-ಟರ್ನ್’ ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ದಿನವೂ ನಡೆಯುತ್ತಿದ್ದ ಒಂದು ಸಣ್ಣ ತಪ್ಪಿನಿಂದ. ಸವಾರರು ರಸ್ತೆ ವಿಭಜಕದ ಕಲ್ಲನ್ನು ಸರಿಸಿ, ಅಡ್ಡದಾರಿಯಲ್ಲಿ ಗಾಡಿ ತಿರುಗಿಸುತ್ತಿದ್ದರು. ಸರಿಸಿದ ಕಲ್ಲು ನಡುರಸ್ತೆಯಲ್ಲೇ ಉಳಿಯುತ್ತಿತ್ತು. ಪತ್ರಿಕೆಯಲ್ಲಿ ತರಬೇತಿ ಪಡೆಯುತ್ತಿರುವ ಹುಡುಗಿಯೊಬ್ಬಳು (ಶ್ರದ್ಧಾ ಶ್ರೀನಾಥ್) ಇದರ ಬಗ್ಗೆ ಬರೆಯಲು ಹೊರಡುತ್ತಾಳೆ. ಹಾಗೆ ಗಾಡಿ ತಿರುಗಿಸಿದವರು ಒಬ್ಬೊಬ್ಬರಾಗಿ ಸತ್ತಿರುವುದು ಅವಳಿಗೆ ತಿಳಿಯುತ್ತದೆ. ಮುಂದಿನದನ್ನು ಹೇಳಿದರೆ ನೀವು ಚಿತ್ರ ನೋಡುವ ಸುಖವೇ ಹೋದೀತು. ಗುಳಿಗೆಯೂ ಬೇಡ, ಕನಸೂ ಬೇಡ, ನಾವೆಲ್ಲ ಕಂಡೂ ಸುಮ್ಮನಿರುವ ಒಂದು ಕಲ್ಲು ಸಾಕು ಎಂಬ ಧೈರ್ಯ ಮೊದಲ ಯತ್ನದಲ್ಲೇ ಬರುವಂಥದ್ದಲ್ಲ. ಈ ಕಥೆ ಮಲಯಾಳ, ತಮಿಳು, ತೆಲುಗುಗಳಿಗೆ ಹೋಯಿತು. ಫಿಲಿಪಿನೋ ಭಾಷೆಯಲ್ಲೂ ಚಿತ್ರವಾಯಿತು.

ಎಲ್ಲವೂ ಏರುದಾರಿಯೇ ಆಗಿರಲಿಲ್ಲ. ‘ಲೂಸಿಯಾ’ದ ನಂತರ ಜನರ ಹಣದಿಂದಲೇ ಮಾಡುವುದಾಗಿ ಘೋಷಿಸಿದ ಇನ್ನೊಂದು ಚಿತ್ರದ ಹೆಸರು ‘ಸಿ10ಎಚ್14ಎನ್2’. ರಸಾಯನಶಾಸ್ತ್ರದವರಿಗೆ ಗೊತ್ತು, ಇದು ನಿಕೋಟಿನ್‌ನ ಸೂತ್ರ. ಆ ಹೆಸರಿನಲ್ಲಿ ಅದು ತೆರೆಗೆ ಬರಲಿಲ್ಲ. 2023ರಲ್ಲಿ ಹೊಂಬಾಳೆ ಸಂಸ್ಥೆಗಾಗಿ, ಫಹಾದ್ ಫಾಸಿಲ್‌ರಂಥ ಹೆಸರಾಂತ ನಟನನ್ನು ಇಟ್ಟುಕೊಂಡು, ಪವನ್ ಕುಮಾರ್ ಮಲಯಾಳದಲ್ಲಿ ‘ಧೂಮಂ’ ನಿರ್ದೇಶಿಸಿದರು. ಅದರ ವಸ್ತು ಸಿಗರೇಟು ಉದ್ಯಮ. ಹಣಕ್ಕೆ ಕೊರತೆಯಿರಲಿಲ್ಲ. ‘ಯೂ-ಟರ್ನ್’ನ ಬಿಗಿ ಮಾತ್ರ ಅಲ್ಲಿ ನನಗೆ ಕಾಣಲಿಲ್ಲ.

‘ಲೂಸಿಯಾ’ ನೋಡುವ ಅವಕಾಶ ಸಿಕ್ಕರೆ ಎರಡು ಸಲ ನೋಡಿ. ಮೊದಲ ಸಲ ಕಥೆಯ ಹಿಂದೆ ಹೋಗಿ. ಎರಡನೆಯ ಸಲ, ಬಣ್ಣ ಯಾವ ಬದುಕಿಗೆ, ಕಪ್ಪುಬಿಳುಪು ಯಾವುದಕ್ಕೆ ಎಂದು ಗುರುತು ಹಾಕಿಕೊಳ್ಳಿ.