ಬಿಸಿಲಿಗೂ ಕಂಬಳಿ: ಕೊಯಮತ್ತೂರು ಸೀಮೆಯ ಉಣ್ಣೆಯ ಕಥೆ

ಸುಡುಬಿಸಿಲಲ್ಲಿ ಕುರಿ ಕಾಯುವವನ ಹೆಗಲ ಮೇಲೆ ಕಂಬಳಿ ಕಂಡರೆ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: “ಅವನಿಗೆ ಸೆಕೆ ಆಗೋದಿಲ್ವಾ ಸಾರ್?” ಗಡಿಯ ಈಚೆ, ತಮಿಳುನಾಡಿನಲ್ಲಿ ಕನ್ನಡ ಪಾಠ ಹೇಳುವ ನಾವು ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸಿಗುವುದು ವಿಜ್ಞಾನದ ಪಾಠ ಮಾತ್ರವಲ್ಲ, ನಮ್ಮದೇ ಚರಿತ್ರೆಯ ಒಂದು ತುಣುಕು ಕೂಡ.

ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪು ಮಡಿದ ಮೇಲೆ ಕಂಪನಿಯ ಪಾಲಾಯಿತು. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ತಾಳವಾಡಿ ಕಡೆಯ ಕನ್ನಡ ಊರುಗಳು 1979ರಲ್ಲಿ ಹೊಸ ಜಿಲ್ಲೆಗೆ, ಅಂದರೆ ಇಂದಿನ ಈರೋಡಿಗೆ, ಹೋದವು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಗೆರೆಗಳು ಹೀಗೆ ಸರಿದಾಡಿದರೂ ಮನೆಮಾತು ಅಲ್ಲಲ್ಲೇ ಉಳಿಯಿತು. ಕೊಂಗು ನಾಡಿನ ಕುರುಂಬ ಗೌಂಡರ ಹಲವು ಮನೆಗಳಲ್ಲಿ ಇಂದಿಗೂ ಆಡುವುದು ಕನ್ನಡವನ್ನೇ. ಇವರು ನಮ್ಮ ಹಾಲುಮತದವರ ಬಳಗವೇ.

ಈ ಭಾಗದ ಕುರಿ ತಳಿಗೆ ಪುಸ್ತಕದಲ್ಲಿ ‘ಕೊಯಮತ್ತೂರು’ ಎಂದು ಹೆಸರು. ಜನ ಕರೆಯುವುದು ‘ಕುರುಂಬೈ’ ಎಂದು. ಹೆಸರೇ ಕುರುಬರನ್ನು ನೆನಪಿಸುತ್ತದೆ, ಅಲ್ಲವೇ? ಮೈ ಬಿಳಿ, ತಲೆ-ಕುತ್ತಿಗೆಯಲ್ಲಿ ಕಪ್ಪು ಅಥವಾ ಕಂದು ಮಚ್ಚೆ, ಉಣ್ಣೆ ಒರಟು. ಸ್ವೆಟರಿಗೆ ಆಗದು, ಚುಚ್ಚುತ್ತದೆ. ಆದರೆ ಕಂಬಳಿಗೆ ಒರಟು ಉಣ್ಣೆಯೇ ಬೇಕು. ಕತ್ತರಿಸಿ, ಹಿಂಜಿ, ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿದರೆ ಮಳೆ ನೀರು ಜಾರಿ ಹೋಗುವ ಬಿಗುವು ಬರುತ್ತದೆ. ಅದೇ ಹಾಸಿಗೆ, ಅದೇ ಹೊದಿಕೆ, ಮಳೆಗೆ ಅದೇ ಕೊಪ್ಪೆ.

ಆಮೇಲೆ ಹತ್ತಿಯ ಕಾಲ ಬಂತು. 1888ರಲ್ಲಿ ಕೊಯಮತ್ತೂರಿನಲ್ಲಿ ಸ್ಟೇನ್ಸ್ ಗಿರಣಿ ಆರಂಭವಾಯಿತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ತಿರುಪ್ಪೂರು ಬನಿಯನ್ನಿನ ಊರಾಯಿತು. ಅಗ್ಗದ ಗಿರಣಿ ಹೊದಿಕೆಯ ಮುಂದೆ ಕಂಬಳಿ ಸೋತಿತು. ಕುರಿಗೆ ಮಾಂಸದ ಬೆಲೆ ಬಂತು, ಉಣ್ಣೆಗೆ ಬೆಲೆ ಹೋಯಿತು.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಉಣ್ಣೆಯ ಎಳೆ ಸುರುಳಿ ಸುರುಳಿ. ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಚಳಿಯಲ್ಲಿ ಮೈಯ ಬಿಸಿ ಹೊರಗೆ ಹೋಗದು, ಬೇಸಿಗೆಯಲ್ಲಿ ಬಿಸಿಲಿನ ಬಿಸಿ ಒಳಗೆ ಬಾರದು. ಮನುಷ್ಯನಿಗೆ ಆಗುವುದು ಮನೆಗೂ ಆಗುತ್ತದೆ. ಮಂಗೋಲಿಯಾದ ಅಲೆಮಾರಿಗಳು ಶತಮಾನಗಳಿಂದ ತಮ್ಮ ದುಂಡು ಡೇರೆಗೆ ಉಣ್ಣೆಯ ಜಮಖಾನೆ ಹೊದಿಸುತ್ತಾ ಬಂದಿದ್ದಾರೆ. ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಬಟ್ಟೆಗೆ ಬಾರದ ಒರಟು ಉಣ್ಣೆಯನ್ನು ದಪ್ಪ ಪದರವಾಗಿ ಮಾಡಿ ಗೋಡೆಯೊಳಗೆ, ಛಾವಣಿಯಡಿ ತುಂಬುತ್ತಾರೆ. ಶಾಖ ತಡೆಯುವುದರಲ್ಲಿ ಅದು ಗಾಜಿನ ನಾರಿಗೆ ಹೆಚ್ಚು ಕಡಿಮೆ ಸಮ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಯೂ ಒದ್ದೆ ಎನಿಸುವುದಿಲ್ಲ. ಬೆಂಕಿಯೂ ಬೇಗ ಹಿಡಿಯುವುದಿಲ್ಲ.

ತೊಡಕುಗಳೂ ಇವೆ. ನುಸಿ ತಿನ್ನುತ್ತದೆ, ಅದಕ್ಕೆ ಬಿಳಿಗಾರದಂಥ ಮದ್ದು ಹಾಕಬೇಕು. ಜಿಡ್ಡು ತೊಳೆಯಲು ನೀರು ಬೇಕು. ಬಣ್ಣದ ನೀರಿನಿಂದ ನೊಯ್ಯಲ್ ನದಿ ಪಟ್ಟ ಪಾಡು ಕಂಡವರಿಗೆ ಈ ಎಚ್ಚರ ಹೇಳಿಕೊಡಬೇಕಿಲ್ಲ. ಆದರೂ ಹಿಂಜುವ, ಪದರ ಮಾಡುವ ಯಂತ್ರಗಳ ಕಸುಬು ಬಲ್ಲ ಕೈಗಳು ಈ ಎರಡು ಜಿಲ್ಲೆಗಳಲ್ಲಿ ಇರುವಷ್ಟು ಇನ್ನೆಲ್ಲಿವೆ? ಮಧ್ಯಾಹ್ನ ಕಾದ ತಗಡಿನ ಸೂರಿನಡಿ ಕೂತವರಿಗೆ ಇದರ ಅಗತ್ಯವೂ ಗೊತ್ತು.

ಉಣ್ಣೆಗೆ ಬೆಲೆ ಇಲ್ಲದಿದ್ದರೆ ಕುರುಂಬೈ ಸಾಕುವವರು ಬೇರೆ ಕುರಿಗೆ ಹೊರಳುತ್ತಾರೆ. ತಳಿ ಹೋದರೆ ಕಸುಬು ಹೋಗುತ್ತದೆ. ಕಸುಬಿನ ಜೊತೆ ಹಿಂಜು, ಕೊಪ್ಪೆ, ಗದ್ದುಗೆ ಎಂಬ ಮಾತುಗಳೂ ಹೋಗುತ್ತವೆ. ಕನ್ನಡ ಶಾಲೆಯ ನಮಗೆ ಚಿಂತೆ ಇರುವುದು ಅಲ್ಲಿ. ಕುರಿಗಾಹಿಯ ಹೆಗಲ ಮೇಲಿನ ಕಂಬಳಿ ಬರೀ ಹಳೇ ಕಾಲದ್ದಲ್ಲ, ಬಿಸಿಲನ್ನು ಅರಿತವರ ಜಾಣ್ಮೆ ಎಂದು ಮಕ್ಕಳಿಗೆ ಹೇಳೋಣ. ಮುಂದಿನದನ್ನು ಅವರೇ ಯೋಚಿಸಲಿ.