ಶರಾವತಿಯ ಸೇತುವೆ ಮತ್ತು ಹೆಸರಿನ ಪ್ರಶ್ನೆ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿ ಗ್ರಾಮಗಳ ನಡುವೆ, ಶರಾವತಿ ಹಿನ್ನೀರಿನ ಮೇಲೆ ನಿರ್ಮಿಸಲಾದ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಭೂಸಾರಿಗೆ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಕರೂರು, ಬಾರಂಗಿ ಹೋಬಳಿಗಳ ಜನರು ದಶಕಗಳ ಕಾಲ ನಂಬಿಕೊಂಡಿದ್ದ ಲಾಂಚ್ ಸೇವೆಗೆ ಇದು ಬದಲಿ ವ್ಯವಸ್ಥೆ. ಸೇತುವೆಯ ಉದ್ದ ಸುಮಾರು 2.44 ಕಿ.ಮೀ. ವೆಚ್ಚ 470 ಕೋಟಿ ರೂಪಾಯಿಗೂ ಮಿಗಿಲು. ಕೇಬಲ್‌ಗಳ ಆಧಾರವುಳ್ಳ ಈ ಸೇತುವೆಗೆ 2018ರ ಫೆಬ್ರುವರಿಯಲ್ಲಿ ಗಡ್ಕರಿಯವರೇ ಶಂಕುಸ್ಥಾಪನೆ ನೆರವೇರಿಸಿದ್ದರು.

ಕಾಮಗಾರಿ ಮುಗಿಯುವ ಹೊತ್ತಿಗೆ ಇದಕ್ಕೆ ಯಾರ ಹೆಸರಿಡಬೇಕು ಎಂಬ ಪ್ರಶ್ನೆ ಎದ್ದಿತು. ಯೋಜನೆಯ ಮಂಜೂರಾತಿಗೆ ಶ್ರಮಿಸಿದ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರಿಡಬೇಕೆಂದು ಅವರ ಅಭಿಮಾನಿಗಳು ಒತ್ತಾಯಿಸಿದರು. ನದಿಯಾಚೆಯ ಸಿಗಂದೂರಿನ ಚೌಡೇಶ್ವರಿ ದೇವಿಯ ಹೆಸರೇ ಸೂಕ್ತವೆಂದು ಇನ್ನೊಂದು ಅಭಿಪ್ರಾಯವಿತ್ತು. ಕೊನೆಗೆ ದೇವಿಯ ಹೆಸರೇ ನಿಂತಿತು. ಉದ್ಘಾಟನಾ ಸಮಾರಂಭಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ದಿನ ನಿಗದಿ ಮಾಡುವಾಗ ತಮ್ಮೊಡನೆ ಸಮಾಲೋಚಿಸಲಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಜಗಳ ಹೀಗೆ ಹೆಸರಿನ ಫಲಕವನ್ನೂ ದಾಟಿ ಆಹ್ವಾನ ಪತ್ರಿಕೆಯವರೆಗೆ ಹೋಯಿತು.

ಶಿವಮೊಗ್ಗ ಜಿಲ್ಲೆಗೆ ಇಂಥ ಚರ್ಚೆ ಹೊಸದಲ್ಲ. ಶಿವಮೊಗ್ಗ ಸಮೀಪದ ಸೋಗಾನೆ ವಿಮಾನ ನಿಲ್ದಾಣಕ್ಕೆ ಯಡಿಯೂರಪ್ಪನವರ ಹೆಸರಿಡುವುದಾಗಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ್ದರು. ಸ್ವತಃ ಯಡಿಯೂರಪ್ಪನವರು ಪತ್ರ ಬರೆದು, ತಮ್ಮ ಹೆಸರು ಬೇಡವೆಂದರು. ಮುಂದೆ ಕುವೆಂಪು ಅವರ ಹೆಸರು ಗೊತ್ತಾಯಿತು. ನಿಲ್ದಾಣವನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ದು 2023ರ ಫೆಬ್ರುವರಿ 27ರಂದು. ಅದು ಯಡಿಯೂರಪ್ಪನವರ ಎಂಬತ್ತನೆಯ ಹುಟ್ಟುಹಬ್ಬದ ದಿನ. ಹೆಸರು ಕವಿಗೆ, ದಿನ ನಾಯಕನಿಗೆ. ರಾಜಕಾರಣದಲ್ಲಿ ಇಂಥ ಹೊಂದಾಣಿಕೆಯೂ ಉಂಟು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆಯು ರಾಜ್ಯದ ನಾಲ್ಕು ವಿಮಾನ ನಿಲ್ದಾಣಗಳ ನಾಮಕರಣಕ್ಕೆ ಅಂಗೀಕಾರ ನೀಡಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಆಗ ರಾಜ್ಯದಲ್ಲಿ ಕಾಂಗ್ರೆಸ್ ಸರಕಾರವಿತ್ತು. ಆದರೂ ಕುವೆಂಪು ಹೆಸರು ಬದಲಾಗಲಿಲ್ಲ.

ಬದುಕಿರುವವರ ಹೆಸರನ್ನು ಸಾರ್ವಜನಿಕ ಆಸ್ತಿಗೆ ಇಡಬಾರದೆಂಬ ವಾದವುಂಟು. ಭದ್ರಾವತಿಯಿಂದ ಲಕ್ಕವಳ್ಳಿಯ ದಿಕ್ಕಿಗೆ ಹೋದರೆ ಸಿಗುವ ಶಂಕರಘಟ್ಟದಲ್ಲಿ ಇದಕ್ಕೆ ಅಪವಾದವಿದೆ. ಅಲ್ಲಿನ ವಿಶ್ವವಿದ್ಯಾನಿಲಯವು 1987ರಲ್ಲಿ ಆರಂಭವಾಗಿ ಕುವೆಂಪು ಅವರ ಹೆಸರನ್ನು ಪಡೆಯಿತು. ಕವಿ ನಿಧನರಾದದ್ದು 1994ರಲ್ಲಿ. ಯಾರೂ ಅದನ್ನು ಅನುಚಿತವೆನ್ನಲಿಲ್ಲ. ಕವಿ ಚುನಾವಣೆಗೆ ನಿಲ್ಲುವವರಲ್ಲ ಎಂಬುದೇ ಇದಕ್ಕೆ ಕಾರಣವಿದ್ದೀತು. ಒಂದು ಕಾಲಕ್ಕೆ ಬೆಂಕಿಪುರವೆನಿಸಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೆ ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಅವರು ಕಾಲವಾದ ಎಷ್ಟೋ ವರ್ಷಗಳ ಬಳಿಕ, 1970ರ ದಶಕದಲ್ಲಿ.

ಶರಾವತಿ ಕಣಿವೆಯಲ್ಲಿಯೇ ಇನ್ನೂ ಹಳೆಯ ದೃಷ್ಟಾಂತವೊಂದಿದೆ. ಜೋಗದ ವಿದ್ಯುದಾಗಾರದ ಕೆಲಸ 1939ರಲ್ಲಿ ಆರಂಭವಾದಾಗ ಅದಕ್ಕೆ ಮೈಸೂರು ಮಹಾರಾಜ ಕೃಷ್ಣರಾಜೇಂದ್ರರ ಹೆಸರಿತ್ತು. ಸ್ಥಾವರ 1948ರಲ್ಲಿ ಕಾರ್ಯಾರಂಭ ಮಾಡಿತು. ಮರುವರ್ಷವೇ ಅದು ಮಹಾತ್ಮಾ ಗಾಂಧಿ ಜಲವಿದ್ಯುತ್ ಕೇಂದ್ರವಾಯಿತು. ಅರಸೊತ್ತಿಗೆ ಮುಗಿದು ಪ್ರಜಾಪ್ರಭುತ್ವ ಬಂದುದನ್ನು ಒಂದು ಫಲಕ ಸಾರಿತು. ಆ ಕೇಂದ್ರಕ್ಕೆ ನೀರೊದಗಿಸುತ್ತಿದ್ದ ಮಡೆನೂರು ಬಳಿಯ ಹಿರೇಭಾಸ್ಕರ ಅಣೆಕಟ್ಟಿನ ಗತಿ ಬೇರೆಯಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಲ್ಲಿ ಅದು ಮುಳುಗಿತು. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಅದು ತಲೆಯೆತ್ತುತ್ತದೆ. ಆಗ ನೋಡಲು ಜನ ನೆರೆಯುತ್ತಾರೆ.

ಸೇತುವೆಯ ಕಥೆ ನಿಜವಾಗಿ ಆರಂಭವಾಗುವುದು ಇಲ್ಲಿಂದಲೇ. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವ ಲಿಂಗನಮಕ್ಕಿ ಜಲಾಶಯ ಅಸಂಖ್ಯ ಗದ್ದೆ, ತೋಟ, ಮನೆಗಳನ್ನು ನುಂಗಿತು. ಒಕ್ಕಲೆದ್ದವರು ಸಿಕ್ಕ ಲಾರಿಗಳಲ್ಲಿ ದೂರದ ಕಾಡಂಚಿಗೆ ಹೋಗಿ ನೆಲೆ ನಿಂತರು. ತುಮರಿ ಸುತ್ತಲಿನ ಊರುಗಳು ಮುಳುಗದೆ ಉಳಿದರೂ ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ಗರ್ಭಿಣಿಯರನ್ನಾಗಲಿ, ಹಾವು ಕಚ್ಚಿದವರನ್ನಾಗಲಿ ಸಾಗರದ ಆಸ್ಪತ್ರೆಗೆ ಒಯ್ಯಬೇಕಾದರೆ ಲಾಂಚ್ ಬರುವವರೆಗೆ ದಡದಲ್ಲಿ ಕಾಯಬೇಕು. ಕತ್ತಲಾದ ಮೇಲೆ ಲಾಂಚ್ ಇಲ್ಲ. ನೀರು ತಗ್ಗಿದ ಬೇಸಿಗೆಯಲ್ಲಿ ವಾಹನಗಳನ್ನು ಹೇರುವಂತಿಲ್ಲ. ಉಳಿದದ್ದು ಬಳಸು ದಾರಿ. ಕಣಿವೆಯ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು 1,035 ಮೆಗಾವಾಟ್ ಸಾಮರ್ಥ್ಯದಲ್ಲಿ ನಾಡಿಗೆ ಬೆಳಕು ಕೊಟ್ಟವು. ಅದಕ್ಕಾಗಿ ನೆಲ ಬಿಟ್ಟವರ ಹೊಸ ಜಮೀನಿನ ಹಕ್ಕು ಆರು ದಶಕಗಳ ಬಳಿಕವೂ ಅರಣ್ಯ ಕಾನೂನಿನ ತೊಡಕಿನಲ್ಲಿ ಸಿಲುಕಿಕೊಂಡೇ ಉಳಿಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಒಬ್ಬ ನಾಯಕನ ಹೆಸರು ಸೇತುವೆಗೆ ಒಪ್ಪುವುದು ಕಷ್ಟ. ಜಿಲ್ಲೆ ರಾಜ್ಯಕ್ಕೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ (ಅವರ ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ) ಮತ್ತು ಯಡಿಯೂರಪ್ಪ. ಸಾಗರದಿಂದ ಆಯ್ಕೆಯಾಗಿ ಸಭಾಧ್ಯಕ್ಷರೂ ಕಂದಾಯ ಸಚಿವರೂ ಆದ ಕಾಗೋಡು ತಿಮ್ಮಪ್ಪನವರನ್ನೂ ಈ ನೆಲ ಮರೆಯುವಂತಿಲ್ಲ. ಯಡಿಯೂರಪ್ಪನವರ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಅರವತ್ತು ವರ್ಷಗಳ ಬೇಡಿಕೆ ಒಬ್ಬರ ಖಾತೆಗೆ ಸೇರುವಂಥದಲ್ಲ. ದೇವಿಯ ಹೆಸರು ಈ ಲೆಕ್ಕಾಚಾರವನ್ನು ತಪ್ಪಿಸಿತು. ಸಿಗಂದೂರಿನ ದೇವಿಯೂ ಮುಳುಗಡೆಯ ಬಳಿಕ ಈಗಿನ ಸ್ಥಳಕ್ಕೆ ಬಂದವಳೆಂದು ಭಕ್ತರು ಹೇಳುತ್ತಾರೆ. ಹಾಗಿದ್ದರೆ ಆಕೆಯೂ ಸಂತ್ರಸ್ತರಲ್ಲಿ ಒಬ್ಬಳು.

ಸೇತುವೆ ರಾಷ್ಟ್ರೀಯ ಹೆದ್ದಾರಿ 369-ಇ ಮೇಲಿರುವುದರಿಂದ ಹೆಸರಿನ ವಿಷಯದಲ್ಲಿ ಅಂತಿಮ ಮಾತು ಕೇಂದ್ರದ್ದು. ಸಾಗರದಿಂದ ಬಸ್ಸು ಹತ್ತುವವರಿಗೆ ಮಾತ್ರ ಅದು ಬರಿಯ ಸಿಗಂದೂರು ಸೇತುವೆ. ಮುಳುಗಿದ ಊರುಗಳ ಹೆಸರುಗಳನ್ನು ಅಂಬಾರಗೋಡ್ಲು ದಡದಲ್ಲೊಂದು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಲು ದಿಲ್ಲಿಯವರೆಗೆ ಹೋಗಬೇಕಾದ ಅಗತ್ಯವಿರಲಾರದು.